ಕಾರಿನ ಹಿಂದಿನ ಚಕ್ರದ ಬ್ರೇಕ್ ಪ್ಯಾಡ್ ಮನೇಲೇ ಹಾಕೋದು: ಯಾವ ಟೂಲು, ಯಾವ ಪ್ಯಾಡು, ಯಾವ ಗ್ರೀಸು

ಮುಂದಿನ ಬ್ರೇಕ್ ಪ್ಯಾಡ್ ಮನೇಲೇ ಹಾಕ್ಕೊಳ್ಳೋರು ಸುಮಾರು ಜನ ಇದಾರೆ, ಆದ್ರೆ ಹಿಂದಿನದು ಅಂದ ತಕ್ಷಣ ಗಾಡಿ ಗ್ಯಾರೇಜಿಗೆ ಬಿಟ್ಬಿಡ್ತಾರೆ. ಕಾರಣ ಒಂದೇ, ಹೊಸ ದಪ್ಪ ಪ್ಯಾಡಿಗೆ ಜಾಗ ಆಗೋಕೆ ಪಿಸ್ಟನ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ದುಂಡನೆ ತುಂಡು) ಒಳಗೆ ಹೋಗಬೇಕು, ಹಿಂದಿನದು ಎಷ್ಟು ಒತ್ತಿದ್ರೂ ಹೋಗಲ್ಲ. ಪಿಸ್ಟನ್, ಪ್ಯಾಡ್ ಹಿಡ್ಕೊಂಡಿರೋ ಕವಚಕ್ಕೆ ಕ್ಯಾಲಿಪರ್ ಅಂತಾರೆ; ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರ್ ಒಳಗೇ ಇರೋ ಗಾಡಿಗಳಲ್ಲಿ ಪಿಸ್ಟನ್ ಹಿಂದೆ ಒಂದು ಸ್ಕ್ರೂ ಇರುತ್ತೆ, ಪ್ಯಾಡ್ ಸವೆದ ಹಾಗೆಲ್ಲ ಆ ಸ್ಕ್ರೂ ಮೇಲೆ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಮುಂದೆ ಬಂದು ತಾನೇ ಅಡ್ಜಸ್ಟ್ ಆಗ್ತಾ ಹೋಗುತ್ತೆ, ಹಾಗಾಗಿ ವಾಪಸ್ ಕಳಿಸಬೇಕು ಅಂದ್ರೆ ಒತ್ತಿಕೊಂಡೇ ತಿರುಗಿಸಬೇಕು. ಇದೊಂದು ಗೊತ್ತಿದ್ರೆ ಹಿಂದಿನ ಕೆಲಸ ಮುಂದಿನದಕ್ಕಿಂತ ಹಗುರ ಅಂತಾನೇ ನಾನು ಹೇಳ್ತೀನಿ.

ನಮ್ಮದು ಶಿವಮೊಗ್ಗ, ಗಾಡಿ ಸ್ಕೋಡಾ ಲಾರಾ, 2011ರ ಡೀಸೆಲ್. ಉಡುಪಿ ಕಡೆ ಓಡಾಟ ಇರೋದ್ರಿಂದ ಆಗುಂಬೆ ಘಾಟಿ ಇಳಿಯೋದು ಹತ್ತೋದು ಇದ್ದಿದ್ದೇ. ಇಷ್ಟು ವರ್ಷದಲ್ಲಿ ಹಿಂದಿನ ಪ್ಯಾಡ್ ಬೇರೆ ಬೇರೆ ತರದ್ದು ಹಾಕಿ ನೋಡಿದೀನಿ, ಪಿಸ್ಟನ್ ತಿರುಗಿಸೋ ಟೂಲೂ ಬೇರೆ ಬೇರೆ ಬಳಸಿದೀನಿ, ಭಾವನ ಗಾಡೀಲಿ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದೆ, ಅದರ ಕೆಲಸಾನೂ ನಮ್ಮ ಮನೆ ಅಂಗಳದಲ್ಲೇ ಆಗಿದ್ದು. ಹೋಲಿಸಿ ಹೇಳೋದಾದ್ರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ದುಡ್ಡು ಹಾಕೋದಿದ್ರೆ ಟೂಲಿಗೆ ಮತ್ತೆ ಸರಿಯಾದ ಗ್ರೀಸಿಗೆ ಹಾಕಿ, ದುಬಾರಿ ಪ್ಯಾಡಿಗೆ ಬೇಡ.

ಒಂದು ಮಾತು, ನಮ್ಮ ಕಡೆ ಚಿಕ್ಕ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಡ್ರಮ್ ಬ್ರೇಕೇ ಇರೋದು, ಅದರಲ್ಲಿ ಪ್ಯಾಡ್ ಇಲ್ಲ, ಶೂ ಇರುತ್ತೆ, ಅದರ ಕೆಲಸ ಪೂರ್ತಿ ಬೇರೆ. ಇಲ್ಲಿ ಬರೀತಿರೋದು ಹಿಂದೆ ಡಿಸ್ಕ್ ಇರೋ ಗಾಡಿಗಳ ಬಗ್ಗೆ ಮಾತ್ರ.

ಮೊದಲು ಟೂಲ್ ವಿಷಯ, ಯಾಕಂದ್ರೆ ಜನ ಎಡವೋದು ಇಲ್ಲೇ.

ಸಿ ಕ್ಲ್ಯಾಂಪ್, ಅಂದ್ರೆ ಸ್ಕ್ರೂ ತಿರುಗಿಸಿ ಒತ್ತೋ ಸಿ ಆಕಾರದ ಹಿಡಿ, ಮುಂದಿನ ಚಕ್ರಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ, ಹಿಂದಕ್ಕೆ ಅದನ್ನ ಹಾಕಲೇಬೇಡಿ. ಬಿಗಿ ಮಾಡ್ತಾ ಹೋದ್ರೆ ಪಿಸ್ಟನ್ ಅಲ್ಲಾಡಲ್ಲ, ಇನ್ನೂ ಬಲ ಹಾಕಿದ್ರೆ ಒಳಗಿನ ಅಡ್ಜಸ್ಟರ್ ಹಾಳಾಗುತ್ತೆ, ಆಮೇಲೆ ಹ್ಯಾಂಡ್‌ಬ್ರೇಕ್ ನಿಲ್ಲಲ್ಲ, ಕ್ಯಾಲಿಪರೇ ಬದಲಾಯಿಸಬೇಕಾಗುತ್ತೆ. ಪ್ಯಾಡಿನ ಖರ್ಚು ಎಲ್ಲಿ, ಕ್ಯಾಲಿಪರ್ ಖರ್ಚು ಎಲ್ಲಿ.

ಎರಡನೇದು ಕ್ಯೂಬ್. ಲೋಹದ ಒಂದು ಚಿಕ್ಕ ಘನ, ಅದರ ಮುಖಗಳಲ್ಲಿ ಬೇರೆ ಬೇರೆ ತರ ಮೊಳೆ ತರದ ಗುಬುಟು ಇರುತ್ತೆ, ನಿಮ್ಮ ಪಿಸ್ಟನ್ ಮೇಲಿನ ಕಚ್ಚಿಗೆ ಯಾವುದು ಕೂರುತ್ತೋ ಅದನ್ನ ಇಟ್ಟು ರಾಚೆಟ್‌ನಿಂದ ತಿರುಗಿಸೋದು. ಅಗ್ಗ, ನೂರರ ಲೆಕ್ಕದಲ್ಲೇ ಸಿಗುತ್ತೆ, ಡಿಕ್ಕೀಲಿ ಜಾಗಾನೂ ತಿನ್ನಲ್ಲ. ತೊಂದ್ರೆ ಏನಂದ್ರೆ ತಿರುಗಿಸೋದು ಕ್ಯೂಬ್ ಮಾಡುತ್ತೆ, ಒತ್ತೋದು ನೀವೇ ಮಾಡಬೇಕು, ಒಂದು ಕೈಯಲ್ಲಿ ಕ್ಯಾಲಿಪರ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ರಾಚೆಟ್ ಒತ್ತಿ ತಿರುಗಿಸೋವಾಗ ಕ್ಯೂಬ್ ಜಾರಿ ಜಾರಿ ಬರುತ್ತೆ, ಒತ್ತಡ ಕಮ್ಮಿ ಆದ್ರೆ ಪಿಸ್ಟನ್ ಇದ್ದಲ್ಲೇ ಗಿರಗಿರ ತಿರುಗುತ್ತೆ ಹೊರತು ಒಳಗೆ ಹೋಗಲ್ಲ. ಪಿಸ್ಟನ್ ಸ್ವಲ್ಪ ಸಡಿಲ ಇರೋ ಗಾಡಿಗೆ ನಡೆಯುತ್ತೆ. ಮಲೆನಾಡು ಕರಾವಳಿ ಮಳೇಲಿ ಓಡಿರೋ ಗಾಡಿಗೆ, ಪಿಸ್ಟನ್ ಅಂಚಿಗೆ ತುಕ್ಕು ಶುರುವಾಗಿದ್ರೆ, ಕ್ಯೂಬ್ ಸಾಕಾಗಲ್ಲ.

ಮೂರನೇದು ವೈಂಡ್‌ಬ್ಯಾಕ್ ಕಿಟ್. ಒಂದು ಪೆಟ್ಟಿಗೆ, ಒಳಗೆ ಉದ್ದ ಸ್ಕ್ರೂ ಇರೋ ಹ್ಯಾಂಡಲ್, ಕ್ಯಾಲಿಪರ್ ಬೆನ್ನಿಗೆ ಆನಿಸೋಕೆ ಒಂದು ಪ್ಲೇಟು, ಬೇರೆ ಬೇರೆ ಗಾಡಿಗೆ ಬೇರೆ ಬೇರೆ ಬಿಲ್ಲೆಗಳು. ಪ್ಲೇಟು ಕ್ಯಾಲಿಪರ್‌ಗೆ ಆನಿಕೊಂಡಿರೋದ್ರಿಂದ ತಿರುಗಿಸ್ತಾ ತಿರುಗಿಸ್ತಾ ಒತ್ತಡ ತಾನಾಗೇ ಬೀಳ್ತಾ ಇರುತ್ತೆ, ಕೈ ನೋಯಲ್ಲ, ಜಾರಲ್ಲ, ಪಿಸ್ಟನ್ ಸಮಾಧಾನವಾಗಿ ಒಳಗೆ ಹೋಗುತ್ತೆ. ಬೆಲೆ ಕ್ಯೂಬಿಗಿಂತ ಎಷ್ಟೋ ಪಟ್ಟು ಜಾಸ್ತಿ, ಆದ್ರೆ ಒಂದೆರಡು ಸಲದ ಗ್ಯಾರೇಜ್ ಮಜೂರಿಲೇ ಆ ದುಡ್ಡು ವಾಪಸ್, ಮತ್ತೆ ಇದು ಮನೇಲಿ ಒಂದಿದ್ರೆ ನೆಂಟರಿಷ್ಟರ ಗಾಡಿಗೂ ಆಗುತ್ತೆ. ತಗೊಳ್ಳೋವಾಗ ಒಂದು ನೋಡಿಕೊಳ್ಳಿ, ಕಿಟ್‌ನಲ್ಲಿ ಬಲಕ್ಕೆ ತಿರುಗೋ ಹ್ಯಾಂಡಲ್ಲೂ ಎಡಕ್ಕೆ ತಿರುಗೋ ಹ್ಯಾಂಡಲ್ಲೂ ಎರಡೂ ಇರಲಿ. ನಮ್ಮ ಲಾರಾದಲ್ಲಿ ಎರಡೂ ಚಕ್ರದ ಪಿಸ್ಟನ್ ಗಡಿಯಾರದ ಮುಳ್ಳಿನ ದಿಕ್ಕಲ್ಲೇ ಒಳಗೆ ಹೋಗುತ್ತೆ, ಆದ್ರೆ ಕೆಲವು ಗಾಡೀಲಿ ಒಂದು ಕಡೆಯದು ಉಲ್ಟಾ. ಇನ್ನು ಕೆಲವು ಗಾಡಿಗಳಲ್ಲಿ ಒಳಗಿನ ಪ್ಯಾಡ್ ಬೆನ್ನ ಮೇಲೆ ಒಂದು ಗುಬುಟು ಇರುತ್ತೆ, ಅದು ಪಿಸ್ಟನ್ ಮುಖದ ಕಚ್ಚಿಗೆ ಕೂರಬೇಕು, ಹಾಗಾಗಿ ತಿರುಗಿಸಿ ಮುಗಿಸೋವಾಗ ಕಚ್ಚು ಯಾವ ಕಡೆ ನಿಂತಿದೆ ಅಂತ ನೋಡಿ ನಿಲ್ಲಿಸಬೇಕು. ಲಾರಾಗೆ ಆ ರಗಳೆ ಇಲ್ಲ.

ಯಾವ ಟೂಲ್ ಆದ್ರೂ ಸರಿ, ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿರಬೇಕು, ಇಲ್ದಿದ್ರೆ ಪಿಸ್ಟನ್ ಹಿಂದೆ ಹೋಗಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದೆ ಜಾಕ್ ಹಾಕ್ತೀವಿ ಅಂದ್ಮೇಲೆ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿ ಕಲ್ಲು ಕೊಡಲೇಬೇಕು, ಗೇರಲ್ಲಿ ನಿಲ್ಲಿಸಬೇಕು, ಗಾಡಿ ಭಾರ ಜಾಕ್ ಸ್ಟ್ಯಾಂಡ್ ಮೇಲೆ ಕೂರಬೇಕು. ಸ್ಟೆಪ್ನಿ ಜೊತೆ ಬರೋ ಜಾಕಿ ಮೇಲೆ ಗಾಡಿ ನಿಲ್ಲಿಸಿ ಕೆಲಸ ಮಾಡಬೇಡಿ, ಇದನ್ನ ನಾನು ಯಾರಿಗೆ ಹೇಳೋವಾಗಲೂ ಬಿಡಲ್ಲ. ಪಿಸ್ಟನ್ ತಿರುಗಿಸೋವಾಗ ಅದರ ಸುತ್ತ ಇರೋ ರಬ್ಬರ್ ಬೂಟ್ ಜೊತೆಗೇ ಮುರುಟಿಕೊಳ್ಳುತ್ತಾ ಅಂತ ಕಣ್ಣಿಟ್ಟಿರಿ, ಬೂಟಿನ ಅಂಚಿಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿದ್ರೆ ಬಿಡ್ಕೊಳ್ಳುತ್ತೆ, ಹರಿದ ಬೂಟಿಂದ ನೀರು ಒಳಗೆ ಹೋದ್ರೆ ಮುಂದಿನ ಮಳೆಗಾಲದಷ್ಟೊತ್ತಿಗೆ ಪಿಸ್ಟನ್ ಹಿಡ್ಕೊಂಡಿರುತ್ತೆ.

ಬ್ರೇಕ್ ಆಯಿಲ್ ವಿಚಾರದಲ್ಲೂ ಎರಡು ದಾರಿ ಇದೆ. ಪಿಸ್ಟನ್ ಒಳಗೆ ಹೋದಾಗ ಅದರ ಹಿಂದಿನ ಆಯಿಲ್ ವಾಪಸ್ ಬಾನೆಟ್ ಅಡಿ ಇರೋ ಆಯಿಲ್ ಡಬ್ಬಿಗೆ ಬರುತ್ತೆ. ಸುಲಭದ ದಾರಿ, ಡಬ್ಬಿ ಮುಚ್ಚಳ ತೆಗೆದು ಮಟ್ಟ ನೋಡ್ತಾ ಜಾಸ್ತಿ ಆಗಿದ್ದನ್ನ ಸಿರಿಂಜಲ್ಲಿ ಎಳೆದು ತೆಗೆಯೋದು. ಇನ್ನೊಂದು, ಕ್ಯಾಲಿಪರ್ ಮೇಲೆ ಆಯಿಲ್ ಹೊರಗೆ ಬಿಡೋಕೆ ಇರೋ ಬ್ಲೀಡ್ ನಿಪ್ಪಲ್‌ಗೆ ಪೈಪ್ ಹಾಕಿ ಅದನ್ನ ಸಡಿಲ ಮಾಡಿ ಹಳೇ ಆಯಿಲ್ ಅಲ್ಲೇ ಬಾಟಲಿಗೆ ಬಿಡೋದು, ಹೀಗೆ ಮಾಡಿದ್ರೆ ಕ್ಯಾಲಿಪರ್ ತಳದಲ್ಲಿರೋ ಕೊಳೆ ಆಯಿಲ್ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಕಡೆ ಹೋಗಲ್ಲ. ಆಯಿಲ್ ಹೊಸದಾಗಿದ್ರೆ ನಾನು ಮೊದಲನೇ ದಾರೀಲೇ ಮುಗಿಸ್ತೀನಿ. ಆಯಿಲ್ ಬದಲಾಯಿಸಿ ಎರಡು ವರ್ಷ ಆಗ್ತಾ ಬಂದಿದ್ರೆ ನಿಪ್ಪಲ್ ಬಿಚ್ಚೋದೇ ಒಳ್ಳೇದು, ಹೇಗೂ ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರ್ಕೊಳ್ಳೋ ಜಾತಿಯದು, ಆಗುಂಬೆ ಅಂತ ಮಳೆ ಊರುಗಳ ಕಡೆ ಓಡಾಡೋರಿಗೆ ಇದು ಮುಖ್ಯ, ಅದರ ಜೊತೇಲೇ ಪೂರ್ತಿ ಬ್ಲೀಡಿಂಗೂ, ಅಂದ್ರೆ ಹಳೇ ಆಯಿಲ್, ಗಾಳಿ ಎಲ್ಲಾ ಹೊರಗೆ ಹಾಕೋದೂ ಮಾಡಿಬಿಡಬಹುದು. ಆಯಿಲ್ ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದುಬರುತ್ತೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಕೊಂಡಿರಿ.

ಈಗ ಪ್ಯಾಡ್. ನಾನು ಹಾಕಿ ನೋಡಿರೋದು ಮೂರು ತರ: ಕಾರ್ ಕಂಪನಿ ಡಬ್ಬೀಲಿ ಬರೋದು, ಹೊರಗಿನ ಬ್ರೇಕ್ ಕಂಪನಿಯ ಆರ್ 90 ಗುರುತಿರೋದು, ಆಮೇಲೆ ಸೆರಾಮಿಕ್. ಹೆಸರು ಹೇಳ್ತಿಲ್ಲ, ಯಾಕಂದ್ರೆ ಒಂದೇ ಕಂಪನೀಲೇ ಮೂರೂ ತರ ಸಿಗುತ್ತೆ, ನೋಡಬೇಕಾಗಿರೋದು ತರಾನ.

ಕಂಪನಿ ಡಬ್ಬಿದು ಕಣ್ಣು ಮುಚ್ಚಿ ಹಾಕಬಹುದು, ಅಳತೆ ಕರಾರುವಾಕ್ಕು, ಜೊತೆಗೆ ಹೊಸ ಬೋಲ್ಟೂ ಬಂತು. ಹಿಡಿತ ಮೊದಲ ದಿನದಿಂದಲೇ ಚೆನ್ನಾಗಿತ್ತು. ಆದ್ರೆ ಬೆಲೆ ಜಾಸ್ತಿ, ಮತ್ತೆ ಕಾರ್ ಕಂಪನಿಗಳು ಪ್ಯಾಡ್ ಬ್ರೇಕ್ ಕಂಪನಿಗಳ ಹತ್ರ ಮಾಡಿಸ್ಕೊಳ್ಳೋದೇ ಹೆಚ್ಚು, ಅಂದ್ರೆ ಡಬ್ಬಿ ಮೇಲಿನ ಹೆಸರಿಗೂ ಒಂದಷ್ಟು ಕೊಡ್ತಿರ್ತೀವಿ.

ಆರ್ 90 ಪ್ಯಾಡ್ ನಾನು ತಂದಿದ್ದು ಬೆಂಗಳೂರಿನ ಜೆ ಸಿ ರೋಡಿಂದ. ಇಸಿಇ ಆರ್ 90 ಅನ್ನೋದು ಯುರೋಪಿನ ನಿಯಮ, ಬದಲಿ ಪ್ಯಾಡ್ ಮೂಲ ಪ್ಯಾಡಿನಷ್ಟೇ ಬ್ರೇಕ್ ಹಿಡೀಬೇಕು, ಹೆಚ್ಚು ಕಮ್ಮಿ ಅಂದ್ರೆ ಶೇಕಡಾ 15ರ ಒಳಗೆ ಇರಬೇಕು ಅಂತ. ಪ್ಯಾಡಿನ ಬೆನ್ನ ಮೇಲೆ ವೃತ್ತದೊಳಗೆ ಇ ಅಕ್ಷರ, ಅದರ ಪಕ್ಕ ಒಂದು ಸಂಖ್ಯೆ, ಆಮೇಲೆ 90 ಆರ್ ಅಂತ ಅಚ್ಚಾಗಿರುತ್ತೆ. ಹಿಂದಿನ ಪ್ಯಾಡಿಗೆ ಇದು ಯಾಕೆ ಮುಖ್ಯ ಅಂದ್ರೆ, ಹಿಂದೆ ಹಿಡಿತ ತುಂಬಾ ಜಾಸ್ತಿ ಆದ್ರೂ ಕಷ್ಟ, ಒದ್ದೆ ರಸ್ತೇಲಿ ಹಿಂದಿನ ಚಕ್ರ ಮೊದಲು ಲಾಕ್ ಆದ್ರೆ ಗಾಡಿ ಬಾಲ ಬೀಸುತ್ತೆ, ಎಬಿಎಸ್ ಇದ್ರೂ ಮುಂದೆ ಹಿಂದೆ ಹೊಂದಾಣಿಕೆ ಕೆಡೋದು ಒಳ್ಳೇದಲ್ಲ. ಕೆಲವು ಪ್ಯಾಡಿನ ಅಂಚಲ್ಲಿ ಎರಡು ಅಕ್ಷರದ ಕೋಡ್ ಇರುತ್ತೆ, ಮೊದಲಿನದು ಸಾಮಾನ್ಯ ಬಿಸೀಲಿ ಹಿಡಿತ ಎಷ್ಟು, ಎರಡನೇದು ತುಂಬಾ ಬಿಸಿ ಆದಾಗ ಎಷ್ಟು. ಹಿಡಿತದ ಅಳತೆ ಘರ್ಷಣೆ ಗುಣಾಂಕದಲ್ಲಿ: ಇ ಅಂದ್ರೆ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಘಾಟಿ ಇಳಿಯೋರು ಎರಡನೇ ಅಕ್ಷರ ನೋಡಿ ತಗೊಳ್ಳಿ, ಎಫ್ ಎಫ್ ಇದ್ರೆ ದಿನದ ಓಡಾಟಕ್ಕೂ ಘಾಟಿಗೂ ಧಾರಾಳ ಸಾಕು. ಆಗುಂಬೆಯ 14 ತಿರುವು ಮನೆಮಂದಿ, ಲಗೇಜು ಎಲ್ಲಾ ತುಂಬ್ಕೊಂಡು ಸೋಮೇಶ್ವರದ ಕಡೆ ಇಳಿದಾಗ ಕಂಪನಿ ಪ್ಯಾಡಿಗೂ ಇದಕ್ಕೂ ಪೆಡಲ್ ಅಡಿ ನಂಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಧೂಳು ಮಾತ್ರ ಎರಡೂ ಚೆನ್ನಾಗೇ ಉದುರಿಸ್ತವೆ, ಅಲಾಯ್ ಕಪ್ಪಾಗುತ್ತೆ.

ಧೂಳಿನ ವಿಷಯದಲ್ಲಿ ಸೆರಾಮಿಕ್ ಗೆದ್ದಿತು, ಅದರಲ್ಲಿ ಅನುಮಾನ ಇಲ್ಲ. ಹಿಂದಿನ ಚಕ್ರ ತೊಳೆದಿದ್ದು ತೊಳೆದ ಹಾಗೇ ಇರ್ತಿತ್ತು, ಕೀರಲು ಸದ್ದು ಹತ್ರಾನೂ ಸುಳಿಯಲಿಲ್ಲ. ಆದ್ರೆ ಬೆಳಿಗ್ಗೆ ಮೊದಲ ಬ್ರೇಕು, ಅದೂ ರಾತ್ರಿ ಮಳೇಲಿ ನಿಂತ ಗಾಡಿ, ಕಚ್ಚೋದು ಒಂದು ಚೂರು ತಡ ಅನ್ನಿಸ್ತಿತ್ತು. ಹ್ಯಾಂಡ್‌ಬ್ರೇಕ್ ಕೂಡ ನಮ್ಮ ಮನೆ ಮುಂದಿನ ಇಳಿಜಾರಲ್ಲಿ ಮುಂಚೆಗಿಂತ ಒಂದು ಕಚ್ಚು ಜಾಸ್ತಿ ಎಳೀಬೇಕಾಗ್ತಿತ್ತು. ಮುಂದೆ ಒಂದು ತರ ಹಿಂದೆ ಒಂದು ತರ ಪ್ಯಾಡ್ ಇಡೋದು ನಂಗೆ ಮನಸ್ಸಿಗೆ ಒಪ್ಪಲಿಲ್ಲ. ಊರೊಳಗೇ ಓಡಾಡೋರು, ನಾಲ್ಕೂ ಚಕ್ರಕ್ಕೆ ಸೆರಾಮಿಕ್ ಹಾಕೋರು ಧಾರಾಳವಾಗಿ ಹಾಕ್ಕೊಳ್ಳಿ. ಹಿಂದೆ ಮಾತ್ರ ಹಾಕೋದು ದಂಡ.

ಯಾವ ಗುರುತೂ ಇಲ್ಲದ, ಬರೀ ಬಣ್ಣದ ಡಬ್ಬಿ ಇರೋ ಅಗ್ಗದ ಪ್ಯಾಡೂ ಅಂಗಡಿಯವರು ತೋರಿಸ್ತಾರೆ. ಕೈಯಲ್ಲಿ ಹಿಡಿದು ನೋಡಿದೆ, ಬೆನ್ನ ತಗಡಿನ ಅಂಚು ಸೊಟ್ಟ, ಕೋಡ್ ಇಲ್ಲ, ವಾಪಸ್ ಕೊಟ್ಟೆ. ಅದನ್ನ ಹೋಲಿಕೆಗೂ ಸೇರಿಸಲ್ಲ.

ಗ್ರೀಸ್ ಬಗ್ಗೆ ಜನ ಗಮನಾನೇ ಕೊಡಲ್ಲ, ನಂಗೆ ಇದು ಪ್ಯಾಡಿಗಿಂತ ದೊಡ್ಡ ವಿಷಯ. ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರಾಡುತ್ತೆ, ಆ ಪಿನ್ ಒಣಗಿ ಹಿಡ್ಕೊಂಡ್ರೆ ಒಳಗಿನ ಪ್ಯಾಡ್ ಒಂದೇ ಸವೆದು ತಗಡಿಗೆ ಬರುತ್ತೆ, ಹೊರಗಿನದು ಹೊಸದರ ಹಾಗೇ ಇರುತ್ತೆ. ಹೊರಗಿಂದ ಚಕ್ರದ ಸಂದೀಲಿ ಬಗ್ಗಿ ನೋಡಿದೋರಿಗೆ ಕಾಣೋದು ಹೊರಗಿನ ಪ್ಯಾಡ್ ಮಾತ್ರ, ಲಾರಾಗೆ ಹಿಂದೆ ಪ್ಯಾಡ್ ಸವೆದಿದ್ದು ತಿಳಿಸೋ ಸೆನ್ಸರ್ ಕೂಡ ಇಲ್ಲ. ಗ್ಯಾರೇಜುಗಳಲ್ಲಿ ಕೈಗೆ ಸಿಕ್ಕ ಚಾಸಿ ಗ್ರೀಸ್ ಮೆತ್ತೋದು ನೋಡಿದೀನಿ. ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ಬ್ರೇಕಿನ ರಬ್ಬರ್ ಉಬ್ಬುತ್ತೆ, ಉಬ್ಬಿದ ರಬ್ಬರ್ ಪಿನ್ನನ್ನ ಹಿಡ್ಕೊಳ್ಳುತ್ತೆ, ಜಾರಲಿ ಅಂತ ಹಾಕಿದ್ದೇ ಜಾರದ ಹಾಗೆ ಮಾಡುತ್ತೆ. ಪಿನ್‌ಗೆ ಬ್ರೇಕಿಗೆ ಅಂತಾನೇ ಬರೋ ಸಿಲಿಕಾನ್ ಗ್ರೀಸ್ ಹಾಕಿ, ಒಂದು ಚಿಕ್ಕ ಟ್ಯೂಬ್ ವರ್ಷಗಟ್ಟಲೆ ಬರುತ್ತೆ. ಪ್ಯಾಡಿನ ಕಿವಿ ಕೂರೋ ಜಾಗದ ತುಕ್ಕು ವೈರ್ ಬ್ರಷ್‌ನಲ್ಲಿ ಪೂರ್ತಿ ತೆಗೀರಿ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಗ್ರೀಸ್ ಒಂಚೂರೂ ತಾಗಬಾರದು. ಹಳೇ ಧೂಳನ್ನ ಗಾಳಿ ಹೊಡೆದು ಎಬ್ಬಿಸಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಮಾಸ್ಕ್ ಹಾಕ್ಕೊಳ್ಳಿ, ಅದು ಶ್ವಾಸಕೋಶಕ್ಕೆ ಹೋಗಬೇಕಾದ ವಸ್ತು ಅಲ್ಲ.

ಭಾವನ ಗಾಡಿ ಕತೆ ಚಿಕ್ಕದು. ಅಲ್ಲಿ ಕ್ಯಾಲಿಪರ್ ಬೆನ್ನಿಗೆ ಮೋಟರ್ ಇದೆ. ಗಾಡಿಯ ಕಂಪ್ಯೂಟರಿಗೆ ಸೇರಿಸೋ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡ್‌ಗೆ ಕಳಿಸಿದ್ರೆ ಮೋಟರ್ ತಾನೇ ಸ್ಕ್ರೂ ಹಿಂದೆ ಎಳ್ಕೊಳ್ಳುತ್ತೆ, ಆಮೇಲೆ ಪಿಸ್ಟನ್ ಬರೀ ಒತ್ತಿದ್ರೆ ಸಾಕು, ತಿರುಗಿಸೋದೇ ಬೇಡ. ಸ್ಕ್ಯಾನರ್ ಇಲ್ಲದೇ ಮೋಟರ್ ಬಿಚ್ಚಿ ಕೈಯಿಂದ ತಿರುಗಿಸೋ ದಾರಿ, ಬ್ಯಾಟರಿ ಕರೆಂಟ್ ನೇರ ಕೊಡೋ ದಾರಿ ಎಲ್ಲಾ ಕೆಲವರು ತೋರಿಸ್ತಾರೆ, ನಾನು ಯಾರಿಗೂ ಹೇಳಲ್ಲ. ನಿಮ್ಮ ಗಾಡಿಗೆ ಸರ್ವಿಸ್ ಮೋಡ್ ಮಾಡೋ ಸ್ಕ್ಯಾನರ್ ಇದ್ರೆ ಮನೇಲಿ ಮಾಡಿ, ಇಲ್ದಿದ್ರೆ ಗ್ಯಾರೇಜಿಗೇ ಕೊಡಿ.

ಗ್ಯಾರೇಜು ಮನೆ ಎರಡರಲ್ಲಿ ಯಾವುದು ಅಂದ್ರೆ, ಸಮಯದ ಲೆಕ್ಕದಲ್ಲಿ ಗ್ಯಾರೇಜೇ ಬೇಗ, ಒಪ್ಕೊಳ್ತೀನಿ. ಆದ್ರೆ ಪಿನ್ ಹೊರಗೆ ತೆಗೆದು ಒರೆಸಿ ಗ್ರೀಸ್ ಹಾಕೋ ತಾಳ್ಮೆ, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿ ಅಂತ ಅಳೆಯೋ ಪಾನಾ) ಹಿಡಿಯೋ ಅಭ್ಯಾಸ ಅಲ್ಲಿ ಎಲ್ಲರಿಗೂ ಇಲ್ಲ. ಲಾರಾದ ಕ್ಯಾಲಿಪರ್ ಬೋಲ್ಟ್ 35 ನ್ಯೂಟನ್ ಮೀಟರ್, ಅದೂ ಪ್ರತಿ ಸಲ ಹೊಸ ಬೋಲ್ಟ್, ಬಿಗಿ ಮಾಡೋವಾಗ ಪಿನ್ ತಿರುಗದ ಹಾಗೆ ಹಿಂದಿಂದ ತೆಳ್ಳಗಿನ ಸ್ಪಾನರ್ ಕೊಡಬೇಕು. ಚಕ್ರದ ಬೋಲ್ಟ್ 120. ನಿಮ್ಮ ಗಾಡಿದು ಬೇರೆ ಇರುತ್ತೆ, ಮ್ಯಾನ್ಯುಯಲ್ ನೋಡಿ.

ಎಲ್ಲಾ ಕೂರಿಸಿದ ಮೇಲೆ, ಗಾಡಿ ಅಲ್ಲಾಡಿಸೋಕೆ ಮುಂಚೆ ಪೆಡಲ್ ಗಟ್ಟಿ ಆಗೋ ತನಕ ಒತ್ತಿ ಒತ್ತಿ ಬಿಡಿ, ಮೊದಲ ಒತ್ತಿಗೆ ಅದು ಸೀದಾ ತಳಕ್ಕೆ ಹೋಗುತ್ತೆ. ಹ್ಯಾಂಡ್‌ಬ್ರೇಕೂ ಹಲವು ಸಲ ಎಳೆದು ಬಿಡಿ, ಅಡ್ಜಸ್ಟರ್ ತನ್ನ ಜಾಗಕ್ಕೆ ಬರಲಿ. ಡಬ್ಬೀಲಿ ಆಯಿಲ್ ಮಟ್ಟ ಮತ್ತೆ ನೋಡಿ. ಆಮೇಲೆ ಪ್ಯಾಡ್ ಡಿಸ್ಕಿಗೆ ಒಗ್ಗಬೇಕು, ನಾನು ಬೆಳ್ಳಂಬೆಳಿಗ್ಗೆ ತೀರ್ಥಹಳ್ಳಿ ರೋಡಲ್ಲಿ ಹಿಂದೆ ಯಾರೂ ಇಲ್ಲದಾಗ ವೇಗ ಗಂಟೆಗೆ 60 ಕಿ.ಮೀ.ನಿಂದ 20ಕ್ಕೆ ಹದವಾಗಿ ಇಳಿಸೋದು, ಪೂರ್ತಿ ನಿಲ್ಲಿಸದೇ ಮತ್ತೆ ಏರಿಸೋದು, ಮಧ್ಯೆ ಸ್ವಲ್ಪ ದೂರ ಬ್ರೇಕ್ ಮುಟ್ಟದೇ ತಣ್ಣಗಾಗೋಕೆ ಬಿಡೋದು, ಹೀಗೇ ಕೆಲವು ಸಲ ಮಾಡ್ತೀನಿ. ಕಂಪನಿ ಪ್ಯಾಡ್ ಬೇಗ ಒಗ್ಗಿತು, ಆರ್ 90 ಸ್ವಲ್ಪ ಜಾಸ್ತಿ ತಗೊಳ್ತು, ಸೆರಾಮಿಕ್ ಎಲ್ಲಕ್ಕಿಂತ ನಿಧಾನ. ಬಿಸಿ ಇರೋವಾಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ, ಮನೆಗೆ ಬಂದು ಗಾಡಿ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ತಣ್ಣಗಾದ ಮೇಲೆ ಚಕ್ರದ ಬೋಲ್ಟಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.