ತಾಂಪೆರೆಯ ರಾಯಪೋರ್ಟಿ ಸೌನಾ: ಮೇಲಿನ ಹಲಗೆಯ ಮೇಲೆ ಒಂದು ಶನಿವಾರ

ಫಿನ್ಲೆಂಡಿನ ಹೆಲ್ಸಿಂಕಿಯಿಂದ ತಾಂಪೆರೆಗೆ ನಾನು ರೈಲು ಹತ್ತಿದ್ದೇ ಈ ಸೌನಾಕ್ಕೋಸ್ಕರ, ಅಂದರೆ ಹಲಗೆಯ ಮೇಲೆ ಕೂತು ಬಿಸಿ ಹಬೆಯಲ್ಲಿ ಬೆವರುವ ಸ್ನಾನದ ಮನೆಗೋಸ್ಕರ. ಅದಕ್ಕೆ ಎರಡು ದಿನ ಮೊದಲು ಬೇರೊಂದು ಊರಿನಲ್ಲಿ ಪ್ರವಾಸ ಸಂಸ್ಥೆಯೊಂದು ‘ಸ್ಥಳೀಯ ಸಂಸ್ಕೃತಿಯ ಅನುಭವ’ ಅಂತ ಹೇಳಿ ನಮ್ಮನ್ನು ಒಂದು ಸೌನಾಕ್ಕೆ ಕರೆದುಕೊಂಡು ಹೋಗಿತ್ತು. ಒಳಗಿದ್ದವರೆಲ್ಲ ಪ್ರವಾಸಿಗರೇ. ಹತ್ತು ನಿಮಿಷ ಬಿಸಿಯಲ್ಲಿ ಕೂತು, ಫೋಟೋ ತೆಗೆಸಿಕೊಂಡು, ಬಸ್ಸು ಹತ್ತಿದೆವು. ಒಬ್ಬ ಫಿನ್ನಿಷ್ ಹೆಂಗಸಿನ ಪಕ್ಕದಲ್ಲೂ ಕೂರಲಿಲ್ಲವಲ್ಲ ಅಂತ ರಾತ್ರಿಯೆಲ್ಲ ಮನಸ್ಸಿಗೆ ಚುಚ್ಚುತ್ತಿತ್ತು.

ರಾಯಪೋರ್ಟಿ ಶುರುವಾದದ್ದು 1906ರಲ್ಲಿ. ಫಿನ್ಲೆಂಡಿನಲ್ಲಿ ಇವತ್ತಿಗೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದೇ. ‘ರಾಯ’ ಅಂದರೆ ಗಡಿ, ‘ಪೋರ್ಟಿ’ ಅಂದರೆ ಬಾಗಿಲು. ಈ ಸೌನಾ ಇರುವ ಪಿಸ್ಪಲ ಬಡಾವಣೆ 1937ರಲ್ಲಿ ತಾಂಪೆರೆಗೆ ಸೇರುವ ತನಕ ಊರಿನ ಗಡಿ ಈ ಆಸುಪಾಸಿನಲ್ಲೇ ಇತ್ತು. ದಿಣ್ಣೆಯ ಮೇಲೆ ಒಂದಕ್ಕೊಂದು ಅಂಟಿಕೊಂಡಂತೆ ನಿಂತಿರುವ ಮರದ ಮನೆಗಳು ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡವು. ಮನೆಯಲ್ಲಿ ಸ್ನಾನಕ್ಕೆ ಅನುಕೂಲವಿಲ್ಲದವರ ಊರು ಅದು, ಸೌನಾ ಹುಟ್ಟಿದ್ದು ಅವರಿಗಾಗಿ.

ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ. ಒಳಗೆ ಈಜುಡುಗೆ ಹಾಕುವ ಪದ್ಧತಿ ಇಲ್ಲ. ಇದು ಗೊತ್ತಿದ್ದೇ ಬಂದಿದ್ದೆ, ಆದರೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈ ಓಡಲಿಲ್ಲ. ನನಗೀಗ ಐವತ್ಮೂರು. ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಶಸ್ತ್ರಚಿಕಿತ್ಸೆಯ ಗಾಯದ ಗುರುತಿದೆ, ವೈದ್ಯರನ್ನು ಬಿಟ್ಟರೆ ಬೇರೆ ಯಾರೂ ನೋಡಿದ್ದಲ್ಲ. ಪಕ್ಕದ ಬೆಂಚಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಾಲುಚೀಲ ಬಿಚ್ಚಿ ಮಡಿಸಿಡುತ್ತಿದ್ದರು. ಅವರು ನನ್ನನ್ನು ದಿಟ್ಟಿಸಲೂ ಇಲ್ಲ, ನೋಡಬಾರದು ಎಂದು ಮುಖ ತಿರುಗಿಸಲೂ ಇಲ್ಲ. ಅಷ್ಟು ಸಾಕಾಯಿತು. ಟವೆಲ್ಲನ್ನು ಮೊಳೆಗೆ ನೇತುಹಾಕಿ ಒಳಗೆ ಹೋದೆ.

ಇಲ್ಲಿನ ಒಲೆಯ ಬಗ್ಗೆ ಹೇಳಲೇಬೇಕು. ಅದಕ್ಕೆ ‘ಕಿಯುವಾಸ್’ ಅನ್ನುತ್ತಾರೆ. ಕಟ್ಟಿಗೆ ಉರಿಸಿ ರಾಶಿ ಕಲ್ಲುಗಳನ್ನು ಕಾಯಿಸಿ, ಬೆಂಕಿ ಆರಿದ ಮೇಲೆಯೇ ಜನರನ್ನು ಒಳಗೆ ಬಿಡುವುದು. ಆಮೇಲೆ ಇಡೀ ಸಂಜೆ ಆ ಕಲ್ಲುಗಳು ಹಿಡಿದಿಟ್ಟುಕೊಂಡ ಕಾವಿನಲ್ಲೇ ನಡೆಯುತ್ತದೆ. ವಿದ್ಯುತ್ ಸೌನಾದ ಒಣ ಬಿಸಿ ಚರ್ಮವನ್ನು ಸುಡುತ್ತದೆ, ಇದು ಹಾಗಲ್ಲ. ನಿಧಾನವಾಗಿ ಒಳಗಿಳಿಯುತ್ತದೆ.

ಕಲ್ಲಿಗೆ ನೀರೆರಚಿದಾಗ ಏಳುವ ಹಬೆಗೆ ‘ಲೊಯ್ಲು’ ಅಂತ ಹೆಸರು. ಹಿಂದೆ ಈ ಪದಕ್ಕೆ ಉಸಿರು, ಪ್ರಾಣ ಎಂಬ ಅರ್ಥವಿತ್ತಂತೆ. ಫಿನ್ನಿಷಿನ ದೂರದ ನಂಟ ಹಂಗೇರಿಯನ್‌ನಲ್ಲಿ ಇದಕ್ಕೆ ಸಂಬಂಧಿಸಿದ ‘ಲೇಲೆಕ್’ ಎಂದರೆ ಇವತ್ತಿಗೂ ಆತ್ಮ. ಓದಿ ತಿಳಿದಿದ್ದ ವಿಷಯವೇ, ಆದರೆ ಅಲ್ಲಿ ಕೂತಾಗಲೇ ಅದು ನಿಜ ಅನ್ನಿಸಿದ್ದು. ನೀರೆರೆಯುವಾಕೆ ಸೌಟು ಎತ್ತಿ ಹಿಡಿದು ಎಲ್ಲರ ಮುಖ ನೋಡಿ ‘ಲಿಸ್ಯಾ?’ ಅಂದರು. ಇನ್ನಷ್ಟು ಹಾಕಲಾ ಅಂತ. ಎಲ್ಲರೂ ಒಪ್ಪಿದರು, ನಾನೂ ತಲೆಯಾಡಿಸಿದೆ. ಮೊದಲು ಬರೀ ಚುಸ್ಸೆಂಬ ಸದ್ದು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಹಬೆ ಚಾವಣಿಗೆ ತಾಗಿ ಬೆನ್ನ ಹಿಂದಿನಿಂದ ಇಳಿಯಿತು. ಕಿವಿಯ ತುದಿ ಉರಿಯಿತು, ಮೂಗಿನಲ್ಲಿ ಉಸಿರೆಳೆಯಲಾಗಲಿಲ್ಲ. ಅದೇ ಅಜ್ಜಿ ನನ್ನ ಹೆಗಲು ಮುಟ್ಟಿ, ತಲೆ ತಗ್ಗಿಸಿ ಬಾಯಿಯ ಮುಂದೆ ಅಂಗೈ ಬೊಗಸೆ ಮಾಡಿಕೊಂಡು ಉಸಿರಾಡಿ ತೋರಿಸಿದರು. ಹಾಗೇ ಮಾಡಿದೆ. ಉಸಿರು ತಂಪಾಗಿ ಒಳಗೆ ಹೋಯಿತು.

ಮಧ್ಯೆ ಮಧ್ಯೆ ಟವೆಲ್ ಸುತ್ತಿಕೊಂಡು ಅಂಗಳಕ್ಕೆ ಬರಬೇಕು. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಕೂತು ಮೈ ಆರಿಸಿಕೊಳ್ಳುತ್ತಾರೆ. ಬಸ್ ನಿಲ್ದಾಣದಲ್ಲಿ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುವ ಇದೇ ಜನ ಇಲ್ಲಿ ನನ್ನ ಕೈಗೆ ನೀರಿನ ಲೋಟ ಕೊಟ್ಟು, ಎಲ್ಲಿಂದ ಬಂದಿರಿ, ನಿಮ್ಮ ಭಾಷೆಯಲ್ಲಿ ಹಬೆಗೆ ಏನನ್ನುತ್ತೀರಿ ಅಂತ ಕೇಳಿದರು. ‘ಹಬೆ’ ಅಂದೆ. ನಾಲ್ಕೈದು ಜನ ಅದನ್ನು ಹೇಳಿ ನೋಡಿದರು. ಮೈಯಿಂದ ಹೊಗೆಯಂತೆ ಆವಿ ಏಳುತ್ತಿತ್ತು, ಚಳಿ ಅನ್ನಿಸಲೇ ಇಲ್ಲ.

ಫಿನ್ಲೆಂಡಿನ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 55 ಲಕ್ಷ ಜನರ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ ಅನ್ನುತ್ತಾರೆ. ಹಿಂದೆ ಹೆರಿಗೆಗಳೂ ಅಲ್ಲೇ ಆಗುತ್ತಿದ್ದವು. ಇದು ಗೊತ್ತಾದ ಮೇಲೆ, ಸೌನಾದಲ್ಲಿ ಚರ್ಚಿನಲ್ಲಿದ್ದ ಹಾಗೆ ಇರಬೇಕು ಎನ್ನುವ ಅವರ ಗಾದೆ ನನಗೆ ಅತಿಶಯ ಅನ್ನಿಸಲಿಲ್ಲ.

ಯಾರಿಗೆ ಬೇಡ? ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೋಗಿ. ಥಳಕಿನ ಸ್ಪಾ ಬಯಸುವವರಿಗೂ ಇದಲ್ಲ.

ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ವೇಳೆ ನೋಡಿಕೊಂಡು ಹೊರಡಿ. ಸಾಧ್ಯವಾದರೆ ಶನಿವಾರವೇ ಹೋಗಿ. ಅವರ ಭಾಷೆಯಲ್ಲಿ ಶನಿವಾರಕ್ಕೆ ‘ಲಾವಂತಾಯ್’, ಮೂಲದಲ್ಲಿ ಮೀಯುವ ದಿನ ಎಂದೇ ಅರ್ಥ. ಹಲಗೆಯ ಮೇಲೆ ಹಾಸಿ ಕೂರಲು ಚಿಕ್ಕ ಬಟ್ಟೆ, ಒಂದು ಟವೆಲ್, ಕುಡಿಯಲು ನೀರು ಇರಲಿ. ಮೊದಲ ಸಲ ಬಿಸಿ ಕಡಿಮೆ ಇರುವ ಕೆಳಗಿನ ಹಲಗೆಯಲ್ಲೇ ಕೂರಿ. ಯಾರಾದರೂ ಸೌಟು ಎತ್ತಿ ನಿಮ್ಮ ಮುಖ ನೋಡಿದರೆ, ತಡೆದುಕೊಳ್ಳಬಲ್ಲೆ ಅನ್ನಿಸಿದಾಗ ಮಾತ್ರ ತಲೆಯಾಡಿಸಿ.