ಕಮೋಲಿ, ಶಿಲ್ಲಾ, ಚೆಫಲೂ: ನಿವೃತ್ತಿಗೆ ಇಟಲಿಯ ಯಾವ ಕಡಲೂರು?

ನಾನು ಹುಟ್ಟಿದ್ದು ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಕಡೆ. ಆಮೇಲೆ ಇಪ್ಪತ್ನಾಲ್ಕು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಳೆಯಿತು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ದೂರ. ಹಾಗಾಗಿ ನಿವೃತ್ತಿಯ ಮಾತು ಬಂದಾಗ ನಮ್ಮನೆಯವರೂ ನಾನೂ ಮೊದಲು ಗಟ್ಟಿ ಮಾಡಿಕೊಂಡಿದ್ದು ಒಂದೇ, ಉಪ್ಪುಗಾಳಿ ಬೇಕು. ಹೊನ್ನಾವರಕ್ಕೇ ಬಂದುಬಿಡಿ ಅಂತ ಅಕ್ಕ ಪ್ರತಿ ಫೋನಿನಲ್ಲೂ ಹೇಳುತ್ತಾಳೆ. ಆದರೆ ಮಗಳು, ಮೊಮ್ಮಗ ಇಬ್ಬರೂ ಜರ್ಮನಿಯಲ್ಲೇ ಇದ್ದಾರೆ, ಅವರಿಂದ ಎರಡು ಮೂರು ತಾಸಿನ ವಿಮಾನದಷ್ಟು ದೂರದಲ್ಲಿರಬೇಕು ಅಂತ ನಮ್ಮ ಆಸೆ. ಹಾಗೆ ಇಟಲಿ.

ಬೇಸಿಗೆಯಲ್ಲಿ ಹೋಗಿ ಊರು ಆರಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ಇಟಲಿಯ ಎಲ್ಲಾ ಕಡಲೂರೂ ಚೆಂದ. ನಾವು ಹೋಗಿದ್ದು ನವೆಂಬರ್‌ನಿಂದ ಫೆಬ್ರುವರಿ ನಡುವೆ, ಒಂದೊಂದು ಊರಲ್ಲೂ ಎರಡು ಮೂರು ವಾರ, ಬಾಡಿಗೆ ಮನೆ ಹಿಡಿದು, ಕಾರಿಲ್ಲದೆ. ಎಪ್ಪತ್ತೈದರ ವಯಸ್ಸಿಗೆ ನಾವು ಕಾರು ಓಡಿಸುತ್ತೇವೆ ಅಂತ ಯಾರು ಹೇಳಬಲ್ಲರು? ಇನ್ನೊಂದು ಕೆಲಸ ನಾನೇ ಶುರು ಮಾಡಿದ್ದು: ಸಂಜೆ ಏಳಕ್ಕೆ ನಡೆಯಲು ಹೋದಾಗ ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆ ಅಂತ ಎಣಿಸುವುದು. ದೀಪ ಇದ್ದರೆ ಅಲ್ಲಿ ಜನ ಬದುಕುತ್ತಿದ್ದಾರೆ. ಇಲ್ಲದಿದ್ದರೆ ಅದು ಯಾರದೋ ರಜೆಯ ಮನೆ.

2023ರ ನವೆಂಬರ್‌ನಲ್ಲಿ ಕಮೋಲಿ. ಇದು ಉತ್ತರದ ಲಿಗುರಿಯಾದಲ್ಲಿ, ಜೆನೋವಾದಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಕಡಲಿಗೆ ಮುಖ ಮಾಡಿ ಆರೇಳು ಮಹಡಿಯ ಹಳೆಯ ಮನೆಗಳು ಸಾಲಾಗಿ ನಿಂತಿವೆ, ಕಾವಿ, ಹಳದಿ, ಗುಲಾಬಿ ಬಣ್ಣ. ಗೋಡೆ ಮೇಲೆ ನಿಜವಾದ ಕಿಟಕಿಯ ಜೊತೆಗೆ ಬಣ್ಣದಲ್ಲಿ ಬರೆದ ಕಿಟಕಿಗಳೂ ಇವೆ, ಸಂಜೆ ಬೆಳಕಲ್ಲಿ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಬೇಕರಿಯಲ್ಲಿ ಫೊಕಾಚ್ಚಾ ಅನ್ನುವ ಚಪ್ಪಟೆ ರೊಟ್ಟಿ ಕೊಯ್ದು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಎಣ್ಣೆ ಇಳಿದು ಕಾಗದ ಕೈಯಲ್ಲೇ ಗಾಜಿನ ಹಾಗೆ ಪಾರದರ್ಶಕ ಆಗುತ್ತದೆ. ಅಲ್ಲಿನವರು ಆ ಉಪ್ಪು ರೊಟ್ಟಿಯನ್ನು ಹಾಲು ಕಾಫಿಗೆ ಅದ್ದಿ ತಿನ್ನುತ್ತಾರೆ. ನಾನೂ ಮೂರನೇ ದಿನದಿಂದ ಹಾಗೇ ತಿಂದೆ, ಈಗಲೂ ಬಾಯಲ್ಲಿ ನೀರು ಬರುತ್ತದೆ.

ಲಿಗುರಿಯಾ ಇಟಲಿಯಲ್ಲೇ ಅತಿ ಹೆಚ್ಚು ವಯಸ್ಸಾದವರಿರುವ ಪ್ರದೇಶ. ಅದು ನಮಗೆ ಒಳ್ಳೆಯದೇ. ಅಂಗಡಿಯವರಿಗೆ ತಾಳ್ಮೆ ಜಾಸ್ತಿ, ಜೆನೋವಾದ ದೊಡ್ಡ ಆಸ್ಪತ್ರೆಗಳು ಹತ್ತಿರ. ತೊಂದರೆ ಅಂದರೆ ಮೆಟ್ಟಿಲು. ನಮ್ಮ ಬಾಡಿಗೆ ಮನೆಗೆ ಬೀದಿಯಿಂದ ಅರವತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ದಂಡೆಯಿಂದ ಮೇಲಿನ ಬೀದಿಗೆ ಮತ್ತೆ ಮೆಟ್ಟಿಲು. ಆ ಕಡೆ ಮೆಟ್ಟಿಲಿಗೆ ಹಾಸುವ ಕಪ್ಪು ಸ್ಲೇಟು ಕಲ್ಲು ಮಳೆಯಲ್ಲಿ ನಮ್ಮೂರ ಪಾಚಿ ಕಟ್ಟಿದ ಬಾವಿಕಟ್ಟೆ ಥರ ಜಾರುತ್ತದೆ. ಎರಡನೇ ವಾರ ನಮ್ಮನೆಯವರು ಕಾಲು ಜಾರಿ ಕೂತುಬಿಟ್ಟರು, ಮೊಣಕಾಲು ಊದಿ ನಾಲ್ಕು ದಿನ ಹೊರಗೆ ಬರಲಿಲ್ಲ. ಆ ನಾಲ್ಕು ದಿನ ಹಾಲು, ಮೀನು, ತರಕಾರಿ ಎಲ್ಲ ಹೊತ್ತು ಮೇಲೆ ತಂದವಳು ನಾನು. ಆಗಲೇ ನನಗೆ ಉತ್ತರ ಸಿಕ್ಕಿತ್ತು. ದೀಪದ ಲೆಕ್ಕವೂ ಸಮಾಧಾನ ತರಲಿಲ್ಲ. ದಂಡೆಯ ಒಂದು ಕಟ್ಟಡದಲ್ಲಿ ಬರೆದ ಕಿಟಕಿ ಬಿಟ್ಟು ಇಪ್ಪತ್ತೆಂಟು ಎಣಿಸಿದೆ, ದೀಪ ಇದ್ದದ್ದು ಐದರಲ್ಲಿ. ಉಳಿದ ಮನೆಗಳ ಒಡೆಯರು ಮಿಲಾನ್, ತುರಿನ್ ಕಡೆಯವರಂತೆ.

ಅತ್ರಾನಿಯನ್ನೂ ಒಂದೆರಡು ದಿನ ನೋಡಿದೆವು, ದಕ್ಷಿಣದ ನೇಪಲ್ಸ್ ಕಡೆ, ಅಮಾಲ್ಫಿ ಅನ್ನುವ ಊರಿನ ಪಕ್ಕದ್ದು. ವಿಸ್ತೀರ್ಣದಲ್ಲಿ ಇಟಲಿಯ ಅತಿ ಸಣ್ಣ ಪುರಸಭೆ ಅದು, 0.12 ಚದರ ಕಿ.ಮೀ. ಅಷ್ಟೇ. ರೈಲಿಲ್ಲ. ಊರ ಅಡಿಯಲ್ಲೇ ಒಂದು ಹಳ್ಳ ಹರಿಯುತ್ತದೆ, 2010ರ ಸೆಪ್ಟೆಂಬರ್‌ನಲ್ಲಿ ಅದು ಉಕ್ಕಿ ಚೌಕದ ಮೇಲೆಲ್ಲ ನುಗ್ಗಿತ್ತು. ಫೋಟೋಕ್ಕೆ ಅದರಷ್ಟು ಚೆಂದದ ಊರಿಲ್ಲ. ನಮ್ಮ ಪಟ್ಟಿಯಿಂದ ಅದು ಅಲ್ಲಿಗೇ ಹೋಯಿತು.

ಶಿಲ್ಲಾ ವಿಷಯ ಬೇರೆ. ಅದನ್ನು ಬಿಡುವುದು ನನಗೆ ನಿಜಕ್ಕೂ ಕಷ್ಟವಾಯಿತು.

ಇದು ದಕ್ಷಿಣದ ತುದಿ, ಕಲಾಬ್ರಿಯಾ. ಎದುರಿಗೆ ಮೆಸ್ಸಿನಾ ಜಲಸಂಧಿ, ಅದರಾಚೆ ಸಿಸಿಲಿ. ಕಿಯನಲೆಯಾ ಅನ್ನುವ ಮೀನುಗಾರರ ಕೇರಿಯಲ್ಲಿ ಮನೆಗಳ ಬುಡಕ್ಕೇ ಅಲೆ ಬಡಿಯುತ್ತದೆ, ಮನೆ ಮನೆಯ ನಡುವೆ ದೋಣಿ ಇಳಿಸಲು ಸಣ್ಣ ಇಳಿಜಾರು. 2024ರ ಜನವರಿಯಲ್ಲಿ ಹದಿನೆಂಟು ದಿನ ಅಲ್ಲಿದ್ದೆವು. ರಾತ್ರಿ ಮಲಗಿದರೆ ತಲೆದಿಂಬಿನ ಕೆಳಗೇ ಕಡಲು, ನನ್ನ ಅಜ್ಜನ ಮನೆ ನೆನಪಾಗಿ ಮೊದಲ ರಾತ್ರಿ ಅತ್ತುಬಿಟ್ಟೆ. ಅಲ್ಲಿಯ ಹೆಸರುವಾಸಿ ಮೀನು ಪೆಶ್ಚೆಸ್ಪಾದಾ, ಕತ್ತಿಯಂಥ ಮೂತಿಯದ್ದು. ಅದನ್ನು ಹಿಡಿಯುವ ದೋಣಿಗೆ ಎತ್ತರದ ಕಬ್ಬಿಣದ ಕಂಬ, ತುದಿಯಲ್ಲಿ ನಿಂತು ಒಬ್ಬ ಮೀನು ನೋಡುತ್ತಾನೆ. ಮುಂದಕ್ಕೆ ಚಾಚಿದ ಉದ್ದ ಸೇತುವೆಯ ಕೊನೆಯಲ್ಲಿ ಇನ್ನೊಬ್ಬ ಈಟಿ ಹಿಡಿದು ನಿಲ್ಲುತ್ತಾನೆ. ಬೇಟೆ ಬೇಸಿಗೆಯಲ್ಲಿ ಮಾತ್ರ, ನಾವು ಹೋದಾಗ ದೋಣಿಗಳು ಕಟ್ಟಿಹಾಕಿದ್ದವು. ನಮಗೆ ಸಿಕ್ಕಿದ್ದು ತಾರ್ಲೆ. ಪಕ್ಕದ ಮನೆಯ ಅಜ್ಜಿ ಒಂದು ತಟ್ಟೆ ತುಂಬ ತಂದುಕೊಟ್ಟರು. ನಾನು ಮೆಣಸಿನಪುಡಿ, ಹುಳಿ ಹಚ್ಚಿ ಹುರಿದು ಅರ್ಧ ವಾಪಸ್ ಕೊಟ್ಟೆ. ಕಲಾಬ್ರಿಯಾದವರಿಗೆ ಖಾರ ಪ್ರಾಣ, ಮರುದಿನ ಬೆಳಿಗ್ಗೆಯೇ ಬಂದು ಮಸಾಲೆ ಕೇಳಿದರು.

ಆದರೆ ನಡುವೆ ಒಂದು ರಾತ್ರಿ ನಮ್ಮನೆಯವರಿಗೆ ಎದೆ ಬಿಗಿದ ಹಾಗಾಯಿತು. ಟ್ಯಾಕ್ಸಿ ಹಿಡಿದು ಇಪ್ಪತ್ತೈದು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋದೆವು, ತುರ್ತು ವಿಭಾಗದಲ್ಲಿ ವೈದ್ಯರು ನೋಡಲು ಏಳು ಗಂಟೆ ಹಿಡಿಯಿತು. ಹೃದಯದ ತೊಂದರೆಯಲ್ಲ, ಅಸಿಡಿಟಿ. ದೇವರು ದೊಡ್ಡವನು. ಅಲ್ಲಿದ್ದ ದಾದಿಯರ ತಪ್ಪೇನೂ ಇಲ್ಲ, ಇಬ್ಬರೇ ಓಡಾಡುತ್ತಿದ್ದರು ಪಾಪ. ಕಲಾಬ್ರಿಯಾದ ಆರೋಗ್ಯ ವ್ಯವಸ್ಥೆಗೆ 2010ರಿಂದ ನಾವು ಹೋದಾಗಿನವರೆಗೂ ಕೇಂದ್ರ ಸರಕಾರ ನೇಮಿಸಿದ ಆಯುಕ್ತರ ಉಸ್ತುವಾರಿ ಇತ್ತು. ವೈದ್ಯರು ಸಾಲದೆ ಕ್ಯೂಬಾದಿಂದ ಕರೆಸಿಕೊಂಡಿದ್ದರು. ದೊಡ್ಡ ಚಿಕಿತ್ಸೆಗೆ ಅಲ್ಲಿನ ಜನ ರೈಲು ಹತ್ತಿ ಉತ್ತರಕ್ಕೆ ಹೋಗುವುದು ಮಾಮೂಲು. ಭೂಕಂಪದ ಭಯವೂ ಇದೆ. 1783ರಲ್ಲಿ ಕಂಪನಕ್ಕೆ ಹೆದರಿ ಜನ ದಂಡೆಯಲ್ಲಿ ಮಲಗಿದ್ದರು, ಗುಡ್ಡ ಕಡಲಿಗೆ ಕುಸಿದು ಎದ್ದ ಅಲೆ ಸುಮಾರು 1,500 ಜನರನ್ನು ಕೊಂಡೊಯ್ದಿತು. ಆ ದಂಡೆ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ.

ದೀಪದ ಲೆಕ್ಕ? ಕಿಯನಲೆಯಾದಲ್ಲಿ ಕಮೋಲಿಗಿಂತ ಕಡಿಮೆ, ಮೇಲಿನ ಸಾನ್ ಜಾರ್ಜೊ ಕೇರಿಯಲ್ಲಿ ಮಾತ್ರ ಚೆನ್ನಾಗಿತ್ತು. ನಿಮಗೆ ಐವತ್ತೈದು ವಯಸ್ಸು, ಮೈ ಗಟ್ಟಿ ಇದೆ ಅಂದರೆ ಸುಮ್ನೆ ಶಿಲ್ಲಾಕ್ಕೆ ಹೋಗಿ, ಹತ್ತು ವರ್ಷ ಸುಖವಾಗಿರಿ. ನಮ್ಮನೆಯವರಿಗೆ ಅರವತ್ತಾರು.

2024ರ ನವೆಂಬರ್‌ನಲ್ಲಿ ಸಿಸಿಲಿಯ ಚೆಫಲೂ. ಇದು ಸಣ್ಣ ಹಳ್ಳಿಯಲ್ಲ, ಸುಮಾರು 14,000 ಜನ ಇದ್ದಾರೆ. ಮೊದಲು ಅದೇ ಬೇಸರ ಅನ್ನಿಸಿತ್ತು. ಹಿಂದೆ ದೊಡ್ಡ ಬಂಡೆಗುಡ್ಡ, ಕೆಳಗೆ 1131ರಲ್ಲಿ ಎರಡನೇ ರೊಜೆರ್ ರಾಜ ಶುರು ಮಾಡಿಸಿದ ಕಥೀಡ್ರಲ್, ಆಮೇಲೆ ಸಮತಟ್ಟಾದ ಉದ್ದ ಕಡಲ ದಾರಿ. ಸಮತಟ್ಟು ಅನ್ನುವ ಪದದ ಬೆಲೆ ಕಮೋಲಿಯಲ್ಲಿ ಮೂರು ವಾರ ಕಳೆದವರಿಗೆ ಗೊತ್ತು! ಹಳೆ ಊರಿನ ಬೀದಿಯಿಂದ ಕೆಲವು ಮೆಟ್ಟಿಲು ಇಳಿದರೆ ಹಳೆಗಾಲದ ಬಟ್ಟೆ ಒಗೆಯುವ ಕಟ್ಟೆ ಇದೆ. ಸಿಂಹದ ಮುಖಗಳ ಬಾಯಿಂದ ತಣ್ಣನೆ ನೀರು ಕಲ್ಲಿನ ತೊಟ್ಟಿಗಳಿಗೆ ಬೀಳುತ್ತದೆ. ತೊಟ್ಟಿಯ ಅಂಚಿನ ಕಲ್ಲು ಉಜ್ಜಿ ಉಜ್ಜಿ ಸವೆದು ಬೆಣ್ಣೆಯಷ್ಟು ನುಣುಪು. ಅದರ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಿದ್ದೆ.

ಊರಂಚಿಗೇ ಸರಿಯಾದ ಆಸ್ಪತ್ರೆ ಇದೆ. ಸಿಸಿಲಿಯ ದೊಡ್ಡ ನಗರ ಪಲೆರ್ಮೊಗೆ ರೈಲಿನಲ್ಲಿ ಒಂದು ಗಂಟೆಯೊಳಗೆ. ಅಲ್ಲಿನ ಬಲ್ಲಾರೊ ಸಂತೆಯ ಸುತ್ತ ಬಾಂಗ್ಲಾದವರ, ಶ್ರೀಲಂಕಾದ ತಮಿಳರ ಅಂಗಡಿಗಳಿವೆ. ಬೆಂಡೆಕಾಯಿ, ಹಸಿಮೆಣಸು, ಕರಿಬೇವು ಎಲ್ಲ ಸಿಕ್ಕಿತು. ಕರಿಬೇವಿನ ಕಟ್ಟು ಮೂಸಿದಾಗ ನಮ್ಮನೆಯವರ ಮುಖ ನೋಡಬೇಕಿತ್ತು.

ಕಷ್ಟಗಳೂ ಇವೆ. ನಮ್ಮ ಮನೆಗೆ ಹೀಟಿಂಗ್ ಇರಲಿಲ್ಲ, ಒಂದು ಏಸಿ ಪೆಟ್ಟಿಗೆ ಅಷ್ಟೇ. ಟೈಲ್ಸ್ ನೆಲ ರಾತ್ರಿ ಕಾಲು ಕೊರೆಯುತ್ತದೆ. ಹೊರಗೆ ಹದಿನೇಳು ಡಿಗ್ರಿ ಇದ್ದಾಗ ಒಳಗೇ ಚಳಿ ಜಾಸ್ತಿ. ನೀರಿನದ್ದೂ ಯೋಚನೆ, 2024ರ ಬರದಲ್ಲಿ ಸಿಸಿಲಿಗೆ ತುರ್ತು ಪರಿಸ್ಥಿತಿ ಘೋಷಿಸಿದ್ದರು. ಮನೆ ನೋಡುವಾಗ ಮೇಲೆ ಎಷ್ಟು ದೊಡ್ಡ ಟ್ಯಾಂಕ್ ಇದೆ ಅಂತ ಕೇಳಲೇಬೇಕು. ದೀಪದ ವಿಷಯಕ್ಕೆ ಬಂದರೆ, ಹಳೆ ಊರಲ್ಲಿ ಅರ್ಧ ಕತ್ತಲೆ, ಆದರೆ ರೈಲು ನಿಲ್ದಾಣದ ಕಡೆಯ ಹೊಸ ಬೀದಿಗಳಲ್ಲಿ ಎಣಿಸುವುದನ್ನೇ ಬಿಟ್ಟೆ, ಅಷ್ಟು ದೀಪ, ಟಿವಿ ಸದ್ದು, ಬೆಳ್ಳುಳ್ಳಿ ಹುರಿಯುವ ವಾಸನೆ.

ದುಡ್ಡಿನ ಮಾತು. ಮೂರು ವಾರದ ಬಾಡಿಗೆ ಕಮೋಲಿಯಲ್ಲಿ 1,150 ಯೂರೋ, ಚೆಫಲೂನಲ್ಲಿ 700. ಶಿಲ್ಲಾದ ಹದಿನೆಂಟು ದಿನಕ್ಕೆ 480. ದಕ್ಷಿಣಕ್ಕೆ ಇನ್ನೊಂದು ಲಾಭ ಇದೆ: ಹೊರದೇಶದ ಪಿಂಚಣಿ ಇರುವವರು ದಕ್ಷಿಣದ ಸಣ್ಣ ಊರಿಗೆ ಬಂದು ನೆಲೆಸಿದರೆ ಹೊರದೇಶದ ಆದಾಯಕ್ಕೆ ಬರೀ 7% ತೆರಿಗೆ, ಹತ್ತು ವರ್ಷದವರೆಗೆ. 2019ರಲ್ಲಿ ಇದು ಬಂದಾಗ ಹಾಕಿದ ಮಿತಿ 20,000 ಜನಸಂಖ್ಯೆ. ಶಿಲ್ಲಾ, ಚೆಫಲೂ ಎರಡೂ ಅದರೊಳಗೆ. ಕಮೋಲಿ ಉತ್ತರದ್ದು, ಅದಕ್ಕಿಲ್ಲ.

ನಮ್ಮದು ಈಗ ಜರ್ಮನ್ ಪಾಸ್‌ಪೋರ್ಟ್, ವೀಸಾ ಗೋಜಿಲ್ಲ. ಮೈಸೂರಿನ ನನ್ನ ಅಣ್ಣ ಕೇಳಿದ್ದಕ್ಕೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದರೆ ರೆಸಿಡೆನ್ಸಾ ಎಲೆತ್ತೀವಾ ಅನ್ನುವ ವೀಸಾ ಬೇಕು. ಅದಕ್ಕೆ ಒಬ್ಬರಿಗೆ ವರ್ಷಕ್ಕೆ ಸುಮಾರು 31,000 ಯೂರೋ ಆದಾಯ ಪಿಂಚಣಿಯಿಂದಲೋ ಬಾಡಿಗೆಯಿಂದಲೋ ಬರುತ್ತಿರಬೇಕು, ಅಲ್ಲಿ ಹೋಗಿ ದುಡಿಯುವಂತಿಲ್ಲ. ಸರಕಾರಿ ಆರೋಗ್ಯ ಸೇವೆಗೆ ಸ್ವಂತವಾಗಿ ಹೆಸರು ಹಚ್ಚಿಸಲು 2024ರಿಂದ ವರ್ಷಕ್ಕೆ ಕನಿಷ್ಠ 2,000 ಯೂರೋ. ಭಾರತದ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಬದಲಾಯಿಸಿ ಕೊಡುವುದಿಲ್ಲ, ನೆಲೆಸಿ ಒಂದು ವರ್ಷ ಆದ ಮೇಲೆ ಇಟಾಲಿಯನ್‌ನಲ್ಲೇ ಪರೀಕ್ಷೆ ಬರೆಯಬೇಕು. ಅದಕ್ಕೇ ರೈಲು ಇಲ್ಲದ ಊರು ಬೇಡ ಅನ್ನುವುದು.

ನಮ್ಮ ಮಟ್ಟಿಗೆ ಚೆಫಲೂ. ಹಳೆ ಊರಲ್ಲ, ನಿಲ್ದಾಣದ ಕಡೆಯದು. ಇನ್ನೂ ಏನೂ ಕೊಂಡಿಲ್ಲ. ಅಲ್ಲಿ ಹದಿನೆಂಟು ತಿಂಗಳವರೆಗಿನ ತಾತ್ಕಾಲಿಕ ಕರಾರಿನ ಬಾಡಿಗೆ ಸಿಗುತ್ತದೆ, ಅದರಲ್ಲಿ ಬರುವ ಚಳಿಗಾಲಕ್ಕೆ ಒಂದು ಮನೆ ಮಾತಾಡಿದ್ದೇವೆ. ಎರಡನೇ ಮಹಡಿ, ಲಿಫ್ಟ್ ಇದೆ, ಬಾಲ್ಕನಿಯಿಂದ ಕಡಲು ಒಂದು ಪಟ್ಟಿಯಷ್ಟು ಕಾಣುತ್ತದೆ. ಒಂದು ಎಲೆಕ್ಟ್ರಿಕ್ ಹೀಟರ್, ಕಬ್ಬಿಣದ ಕಾವಲಿ, ಅಕ್ಕ ಕಳಿಸುವ ಮೀನು ಮಸಾಲೆ ಇವಿಷ್ಟು ತಗೊಂಡು ಹೋಗುತ್ತೇವೆ.