ತಟ್ಟು ಸಾಕುವವರೇ, ಬೆಲ್ಲದ ಬಗ್ಗೆ ಹುಷಾರು, ಉಪವಾಸದ ಬಗ್ಗೆ ಇನ್ನೂ ಹುಷಾರು

ಹೋಮ್‌ಸ್ಟೇಗೆ ಚೆಂದ ಅಂತ, ಮಕ್ಕಳಿಗೆ ಖುಷಿ ಅಂತ ತಟ್ಟು, ಅಂದರೆ ಗಿಡ್ಡ ಜಾತಿಯ ಕುದುರೆ, ತಂದು ಕಟ್ಟಿಕೊಂಡವರಿಗೆ, ತರೋಣ ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಎರಡು ತಪ್ಪು ಮಾಡಿದೆ. ಮೊದಲನೆಯದಕ್ಕೆ ನಮ್ಮ ತಟ್ಟು ಗುಂಡನ ಕಾಲು ಕೆಟ್ಟಿತು. ಎರಡನೆಯದಕ್ಕೆ ಜೀವವೇ ಹೋಗುವುದರಲ್ಲಿತ್ತು.

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ನಾಲ್ಕು ರೂಮಿನ ಹೋಮ್‌ಸ್ಟೇ. ಮೂರು ವರ್ಷದ ಹಿಂದೆ ಗುಂಡನನ್ನು ತಂದೆವು. ಮಾರಿದವರು, "ಏನು ಹಾಕಿದ್ರೂ ಮೈಗೆ ಹತ್ತುತ್ತೆ ಅಕ್ಕ, ಖರ್ಚೇ ಇಲ್ಲ" ಅಂದರು. ನಾನು ಹೊಗಳಿಕೆ ಅಂದುಕೊಂಡೆ. ಯೋಚನೆ ಮಾಡಬೇಕಾದ ಮಾತು ಅದೇ ಆಗಿತ್ತು.

ಬೆಳಿಗ್ಗೆ ಬೇಯಿಸಿದ ಹುರುಳಿ, ಸಂಜೆ ಬೂಸಾ, ಹಗಲೆಲ್ಲ ಗದ್ದೆ ಬದಿಯ ಹಸಿ ಹುಲ್ಲು. ಇದರ ಮೇಲೆ ಗೆಸ್ಟುಗಳ ಉಪಚಾರ ಬೇರೆ: ಬೆಲ್ಲದ ಅಚ್ಚು, ಬಾಳೆಹಣ್ಣು, ಬಿಸ್ಕತ್ತು. ಕೆಲಸ ಅಂದರೆ ಶನಿವಾರ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಕಾಫಿ ಒಣಗಿಸುವ ಕಣಕ್ಕೆ ಎರಡು ಸುತ್ತು, ಅಷ್ಟೇ. ಮಳೆಗಾಲದಲ್ಲಿ ಅದೂ ಇಲ್ಲ. ಕತ್ತಿನ ಮೇಲೆ ಕೂದಲಿನ ಬುಡದಲ್ಲಿ ಗಟ್ಟಿಯಾದ ದಿಂಡು ಎದ್ದಿತು, ಕೈಯಲ್ಲಿ ಹಿಡಿದರೆ ಅಲ್ಲಾಡುತ್ತಲೇ ಇರಲಿಲ್ಲ. ಬಾಲದ ಬುಡದಲ್ಲಿ ಕೊಬ್ಬಿನ ಗಂಟು. ಬಂದವರೆಲ್ಲ "ಎಷ್ಟು ಚೆನ್ನಾಗಿ ಮೈ ತುಂಬ್ಕೊಂಡಿದೆ" ಅನ್ನುವವರೇ. ನಮ್ಮ ಕಡೆ ಮಕ್ಕಳಾಗಲಿ ದನವಾಗಲಿ, ದಪ್ಪಗಿದ್ದರೆ ಚೆನ್ನಾಗಿ ನೋಡ್ಕೊಂಡಿದ್ದಾರೆ ಅಂತ ಲೆಕ್ಕ, ಅಲ್ವಾ?

ಕಳೆದ ವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ಎರಡು ವಾರ ಆಗಿತ್ತು. ಹುಲ್ಲು ಎಳೆಯದಾಗಿ ಚಿಗುರಿತ್ತು. ಒಂದು ಬೆಳಿಗ್ಗೆ ಗುಂಡ ಲಾಯದಿಂದ ಹೊರಗೆ ಬರಲೇ ಇಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ನೋಡಿ, "ಕುದುರೆ ಕಂಡರೆ ಕಾಲುನೋವು ಅಂತಾರೆ, ಇಲ್ಲಿ ಕುದುರೆಗೇ ಕಾಲುನೋವು" ಅಂತ ನಕ್ಕರು. ನಾನೂ ನಕ್ಕೆ. ಉಳುಕಿರಬೇಕು ಅಂತ ಎಣ್ಣೆ ತಿಕ್ಕಿಸಿದೆ. ಒಂದು ದಿನ ಸುಮ್ನೆ ಹಾಳಾಯಿತು.

ಇಷ್ಟಾದರೂ ಯಾರಿಗೂ ಗಾಬರಿ ಇಲ್ಲ. ಕುದುರೆ ಗೊತ್ತಿದೆ ಅನ್ನುವ ಪರಿಚಯದವರೊಬ್ಬರು ಫೋನಿನಲ್ಲೇ ತೀರ್ಮಾನ ಕೊಟ್ಟರು: "ತಿಂದು ಜಾಸ್ತಿಯಾಗಿದೆ. ಮೂರು ದಿನ ಬರೀ ನೀರು ಕೊಡಿ, ಸರಿಹೋಗುತ್ತೆ." ಮನುಷ್ಯರಿಗೆ ಲಂಘನ ಒಳ್ಳೆಯದು ಅಂತ ಕೇಳಿಕೊಂಡೇ ಬೆಳೆದವಳು ನಾನು. ಹುರುಳಿ, ಬೂಸಾ, ಹುಲ್ಲು ಎಲ್ಲ ನಿಲ್ಲಿಸಿಬಿಟ್ಟೆ.

ಮೂರನೇ ದಿನ ಗುಂಡ ತಲೆ ಜೋಲು ಹಾಕಿತು. ಬೆಲ್ಲ ಹಿಡಿದರೂ ಮೂಸಲಿಲ್ಲ. ಆಗ ಹೆದರಿಕೆಯಾಗಿ ಹಾಸನದಿಂದ ಡಾಕ್ಟರನ್ನು ಕರೆಸಿದೆವು. ರಕ್ತ ತೆಗೆದು, ಗಾಜಿನ ಕೊಳವೆಯನ್ನು ಕಿಟಕಿಯ ಮೇಲೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕೆಂಪು ಕೆಳಗಿಳಿಯಿತು. ಮೇಲೆ ತಿಳಿಯಾದ ಹಳದಿ ನೀರು ನಿಲ್ಲಬೇಕಿತ್ತಂತೆ. ನಿಂತದ್ದು ಅಕ್ಕಿ ತೊಳೆದ ನೀರಿನಂಥ ಬಿಳುಪು. "ಇದು ಕೊಬ್ಬು ಅಮ್ಮ" ಅಂದರು. ಹೊಟ್ಟೆಗೆ ಏನೂ ಬೀಳದಿದ್ದಾಗ ಮೈಯಲ್ಲಿದ್ದ ಕೊಬ್ಬೆಲ್ಲ ಕರಗಿ ರಕ್ತಕ್ಕೆ ನುಗ್ಗುತ್ತದೆ, ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ. ದಪ್ಪಗಿರುವ ತಟ್ಟುಗಳಿಗೂ ಕತ್ತೆಗಳಿಗೂ ಈ ಅಪಾಯ ಜಾಸ್ತಿ. ಎಷ್ಟೋ ಪ್ರಾಣಿಗಳು ಇದರಲ್ಲೇ ಸಾಯುತ್ತವೆ. ಆ ರಾತ್ರಿಯೇ ಗ್ಲೂಕೋಸ್ ಡ್ರಿಪ್ ಹಾಕಿ, ಮೂಗಿನಿಂದ ಕೊಳವೆ ಇಳಿಸಿ ಗಂಜಿಯಂಥದ್ದನ್ನು ಹೊಟ್ಟೆಗೆ ಬಿಟ್ಟರು. ನಾಲ್ಕು ದಿನ ನಾವು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಕಾಲಿನ ಕಥೆ ಆಮೇಲೆ ಹೇಳಿದರು. ಕೆಲವು ಕುದುರೆಗಳಿಗೆ ಸಿಹಿ, ಪಿಷ್ಟ ತಿಂದಾಗ ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರುತ್ತದೆ. ನಮ್ಮ ಶುಗರ್ ಕಾಯಿಲೆಯೇ ಅಂತ ಕೇಳಿದೆ. ಪೂರ್ತಿ ಹಾಗಲ್ಲವಂತೆ. ರಕ್ತದ ಸಕ್ಕರೆ ಹೆಚ್ಚಿನ ಸಲ ಸರಿಯಾಗೇ ಇರುತ್ತದೆ, ಏರಿದ ಇನ್ಸುಲಿನ್ನೇ ಗೊರಸನ್ನು ಕೆಡಿಸುತ್ತದೆ. ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ಇರುವ ಹಿಡಿತ ಸಡಿಲವಾಗಿ, ಮೂಳೆ ಕೆಳಕ್ಕೆ ತಿರುಗುತ್ತದೆ. ಎಕ್ಸ್‌ರೇಯಲ್ಲಿ ಗುಂಡನ ಮೂಳೆ ಸ್ವಲ್ಪ ತಿರುಗಿತ್ತು. "ಯಾರಾದ್ರೂ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ರಾ?" ಅಂತ ಎರಡೆರಡು ಸಲ ಕೇಳಿದರು, ಅದರಿಂದಲೂ ಇದು ಕೆರಳಬಹುದಂತೆ. ಪುಣ್ಯಕ್ಕೆ ಕೊಟ್ಟಿರಲಿಲ್ಲ. ನನ್ನ ಬೆರಳು ಹಿಡಿದು ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ ಇಟ್ಟರು. ನಾಡಿ ಢವಢವ ಹೊಡೆಯುತ್ತಿತ್ತು. ಆರೋಗ್ಯವಾಗಿರುವ ಕಾಲಲ್ಲಿ ಅದನ್ನು ಹುಡುಕಬೇಕಾಗುತ್ತದೆ. ನಿಮ್ಮ ಕುದುರೆ ಚೆನ್ನಾಗಿರುವಾಗಲೇ ಒಮ್ಮೆ ಮುಟ್ಟಿ ನೋಡಿಕೊಳ್ಳಿ, ವ್ಯತ್ಯಾಸ ಆಗ ತಿಳಿಯುತ್ತದೆ.

ನೋವಿನ ಔಷಧಿ, ಲಾಯದಲ್ಲಿ ಅರ್ಧ ಅಡಿ ಮರಳು, ಗೊರಸಿಗೆ ಐಸ್. ಐಸ್ ಎಲ್ಲಿಂದ ತರುವುದು? ಮೀನಿನ ಅಂಗಡಿಯಿಂದ. ವಾರಗಟ್ಟಲೆ ಲಾಯವೆಲ್ಲ ಬಂಗುಡೆ ವಾಸನೆ!

ಈಗ ತೂಕದ ವಿಷಯ. ಕುದುರೆ ನಿಲ್ಲಿಸುವ ತಕ್ಕಡಿ ನಮಗೆಲ್ಲಿ ಸಿಗಬೇಕು? ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಆಮೇಲೆ ಎದೆಯ ಮುಂಭಾಗದಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಕೆಜಿ ಬರುತ್ತದೆ. ಗುಂಡ ಆಗ ಸುತ್ತಳತೆ 150, ಉದ್ದ 135. ಅಂದರೆ ಸುಮಾರು 256 ಕೆಜಿ. ಡಾಕ್ಟರು ಹೇಳಿದ್ದು ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲು ಒಣಮೇವು. ನಮಗೆ ಅದು ಸುಮಾರು ನಾಲ್ಕು ಕೆಜಿ ಒಣಹುಲ್ಲು. ಡಾಕ್ಟರನ್ನು ಕೇಳದೆ ಇದಕ್ಕಿಂತ ಕಮ್ಮಿ ಮಾಡಬೇಡಿ.

ಒಣಹುಲ್ಲನ್ನು ಒಂದು ಗಂಟೆ ನೀರಲ್ಲಿ ನೆನೆಸುತ್ತೇವೆ. ಸಕ್ಕರೆ ಅಂಶ ಸ್ವಲ್ಪ ಬಿಡುತ್ತದೆ. ಆ ನೀರು ಚೆಲ್ಲಬೇಕು, ಕುಡಿಸಬಾರದು. ಬೇಸಿಗೆಯಲ್ಲಿ ಒಂದು ಗಂಟೆ ಮೀರಿದರೆ ಹುಳಿ ವಾಸನೆ ಬರುತ್ತದೆ. ನೀರಿನ ಜೊತೆ ಖನಿಜಗಳೂ ಹೋಗುವುದರಿಂದ ಮಿನರಲ್ ಪುಡಿ, ಉಪ್ಪು ಬೇರೆ ಕೊಡುತ್ತೇವೆ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ, ದಿನಕ್ಕೆ ನಾಲ್ಕು ಸಲ ಕಟ್ಟುತ್ತೇವೆ. ಒಂದೊಂದೇ ಎಳೆ ಎಳೆದು ತಿನ್ನುವುದರಲ್ಲೇ ಹೊತ್ತು ಹೋಗುತ್ತದೆ. ಹುರುಳಿ, ಬೂಸಾ, ಬೆಲ್ಲ ಪೂರ್ತಿ ಬಂದ್. ನಡೆದಾಡಿಸಲು ಶುರು ಮಾಡಿದ್ದು ಕಾಲು ನೋವು ಹೋಗಿ, ಡಾಕ್ಟರು ಸರಿ ಅಂದಮೇಲೇ.

ಐದು ತಿಂಗಳಿಗೆ ಸುತ್ತಳತೆ 142ಕ್ಕೆ ಇಳಿಯಿತು, ಅಂದರೆ 229 ಕೆಜಿ. ಕತ್ತಿನ ದಿಂಡು ಮೆತ್ತಗಾಗಿ ಈಗ ಅಲ್ಲಾಡುತ್ತದೆ. ಆದರೆ ಬೆನ್ನ ಮೇಲೆ ಮಕ್ಕಳನ್ನು ಈಗ ಕೂರಿಸುವುದಿಲ್ಲ. ಗೇಟಿಗೆ "ಗುಂಡನಿಗೆ ಏನೂ ತಿನ್ನಿಸಬೇಡಿ" ಅಂತ ಬೋರ್ಡ್ ಹಾಕಿದ್ದೇವೆ. ಆದರೂ ಹೋದ ಭಾನುವಾರ ಒಬ್ಬರು ಅಜ್ಜಿ ಸೆರಗಿನಲ್ಲಿ ಬಾಳೆಹಣ್ಣು ಮುಚ್ಚಿಟ್ಟುಕೊಂಡು ಹೋಗಿ ಕೊಟ್ಟರು. ಅಜ್ಜಿಗೆ ಏನಂತ ಬೈಯೋದು ಹೇಳಿ.

ಒಂದು ಸಹಾಯ ಬೇಕಿತ್ತು. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿಮಾಡುವವರು ಈಗ ದೂರದಿಂದ ಬರುತ್ತಿದ್ದಾರೆ. ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ಕುದುರೆ ಗೊರಸಿನ ಕೆಲಸ ಬಲ್ಲವರು ಗೊತ್ತಿದ್ದರೆ ತಿಳಿಸಿ. ಎತ್ತಿಗೆ ಲಾಳ ಹೊಡೆಯುವವರು ಬೇಡ, ಅದೂ ಒಮ್ಮೆ ಮಾಡಿ ನೋಡಿ ಆಗಿದೆ.